ಪ್ರೂಫ್ ನಾಣ್ಯದ ಗ್ರೇಡ್ ಮನೆಯಲ್ಲೇ ಅಂದಾಜು ಮಾಡಬಹುದೇ?

ಸಂಗ್ರಹಕ್ಕೆಂದೇ ವಿಶೇಷವಾಗಿ ಒತ್ತಿದ ಪ್ರೂಫ್ ನಾಣ್ಯದ ಗ್ರೇಡನ್ನು, ಅಂದರೆ ಅದರ ಸ್ಥಿತಿಗೆ ಕೊಡುವ ಅಂಕವನ್ನು, ಮನೆಯಲ್ಲೇ ಅಂದಾಜು ಮಾಡಬಹುದು. ಆದರೆ ಒಂದೇ ಸಂಖ್ಯೆ ಸಿಗದು, ‘63ರಿಂದ 65ರೊಳಗೆ’ ಎನ್ನುವಷ್ಟು ಸಿಗುತ್ತದೆ. ಅಳೆಯುವುದು ಶೆಲ್ಡನ್ ಪಟ್ಟಿಯಲ್ಲಿ, 1ರಿಂದ 70ರವರೆಗೆ. ಚಲಾವಣೆಗೆ ಹೋಗದ ಪ್ರೂಫ್‌ಗೆ 60ರಿಂದ ಶುರು.

ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗವನ್ನೇ ಮೊದಲು ನೋಡಿ. ಪಾಲಿಶ್ ಮಾಡಿದ ಬಿಲ್ಲೆಯನ್ನು ಪಾಲಿಶ್ ಮಾಡಿದ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿರುತ್ತಾರೆ. ಹಾಗಾಗಿ ಆ ಜಾಗ ಕನ್ನಡಿಯಂತಿರುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೂ ಸಣ್ಣ ಗೀರು ಬೀಳುತ್ತದೆ, ಗ್ರೇಡ್ ಇಳಿಯುತ್ತದೆ.

ಅಂಚು ಹಿಡಿದು ಒಂದೇ ಬಲ್ಬಿನ ಕೆಳಗೆ ನಿಧಾನವಾಗಿ ಓರೆ ಮಾಡಿ. ಟ್ಯೂಬ್‌ಲೈಟ್ ಬೇಡ, ಅದರಲ್ಲಿ ಗೀರು ಅಡಗುತ್ತದೆ. 5 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲೂ ಕುಂದು ಕಾಣದಿದ್ದರೆ ಮಾತ್ರ 70. ಲೆನ್ಸಿಗಷ್ಟೇ ಒಂದೆರಡು ಕಂಡರೆ 68ರ ಆಸುಪಾಸು. ಬರಿಗಣ್ಣಿಗೇ ಹಲವು ಕಂಡರೆ 63 ಅಥವಾ ಇನ್ನೂ ಕೆಳಗೆ. ಉಬ್ಬಿದ ಗೆರೆ ಮಾತ್ರ ಅಚ್ಚಿನದು, ಅದು ಒರೆಸಿದ ಗೀರಲ್ಲ.

ನಮ್ಮ ಕಾಸರಗೋಡಿನ ಮಳೆಗಾಲದ ತೇವಕ್ಕೆ ಬೆಳ್ಳಿ ನಾಣ್ಯದಲ್ಲಿ ಕಲೆ ಬರುವುದು ಜಾಸ್ತಿ. ಹುಣಸೆಹುಳಿ ಹಾಕಿ ಉಜ್ಜಬೇಡಿ ಮಾರಾಯ್ರೇ! ಕಲೆಗಿಂತ ಉಜ್ಜಿದ ಗುರುತೇ ದೊಡ್ಡ ನಷ್ಟ. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ತೆರೆಯದೆ ನೋಡಿ. ಡಬ್ಬಿಯ ಗೀರನ್ನು ನಾಣ್ಯದ ಲೆಕ್ಕಕ್ಕೆ ಸೇರಿಸಬೇಡಿ.