26,000ದಾಗ ಏಳೂವರೆ ಹೋದರ ಏನ ಉಳೀತು?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಸುತ್ತಿನವು: ದುಡಿಯಲು ಹೋದಾಗ ಕೂಸನ್ನು ಯಾರ ಕೈಗೆ ಕೊಡುವುದು, ಅದಕ್ಕೆ ಎಷ್ಟು ಕೊಡುವುದು. ಮೊದಲನೆಯ ಪತ್ರಕ್ಕೇ ಹೆಚ್ಚಿನ ಜಾಗ ಹೋಗಿದೆ, ಹೋಗಲಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಗೋಕುಲ ರಸ್ತೆಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸೇರಿ ಇದು ನಾಲ್ಕನೇ ವರ್ಷ. ಬೇಸಿಕ್ 13,000, ಕೈಗೆ ಬರುವುದು 26,000. ನಮ್ಮ ಮನೆಯವರದು 38,000. ಮಗನಿಗೆ ಒಂದು ವರ್ಷ ಏಳು ತಿಂಗಳು. ಇಷ್ಟು ದಿನ ಅತ್ತೆಯವರು ನೋಡಿಕೊಂಡರು. ಈಗ ಬಿತ್ತನೆ ಹೊತ್ತಿಗೆ ಅವರು ರಾಣೆಬೆನ್ನೂರು ಕಡೆಯ ಊರಿಗೆ ಹೋಗಲೇಬೇಕು, ಮಾವನವರೊಬ್ಬರಿಂದ ಆಗುವುದಿಲ್ಲ. ವಿದ್ಯಾನಗರದಲ್ಲಿ ಒಂದು ಡೇಕೇರ್ ವಿಚಾರಿಸಿದೆ. ಬೆಳಗ್ಗೆ 9ರಿಂದ ಸಂಜೆ 6.30, ಊಟ ಸೇರಿ ತಿಂಗಳಿಗೆ 7,500 ಅಂದರು. ಮನೆ ಹತ್ತಿರ ಇನ್ನೊಂದಿದೆ, ಅಲ್ಲಿ 3,500. ಮನೆಯಲ್ಲಿ ಎಲ್ಲರದೂ ಒಂದೇ ಮಾತು: ‘26ರಾಗ ಏಳೂವರೆ ಅಲ್ಲಿಗೇ ಹೋದ್ವು, ಮ್ಯಾಲ ಆಟೋ, ಡೈಪರ್. ಉಳಿಯೂದರ ಏನು? ಎರಡ ವರ್ಷ ಮನ್ಯಾಗ ಇರು.’ ಕಂಪನಿಯಲ್ಲಿ ಕೇಳಿದರೆ ಎಚ್‌ಆರ್‌ನವರು, ‘80 ಜನರಲ್ಲಿ ಹೆಣ್ಣುಮಕ್ಕಳು ಒಂಬತ್ತೇ ಜನ, ನಮಗೆ ಶಿಶುಪಾಲನಾ ಕೇಂದ್ರದ ನಿಯಮ ಬರುವುದಿಲ್ಲ’ ಅಂದರು. 7,500 ಜಾಸ್ತಿಯೇ? ತೆರಿಗೆಯಲ್ಲಾದರೂ ಏನಾದರೂ ಸಿಕ್ಕೀತೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ಅಕೌಂಟ್ಸ್ ನೋಡುವವಳು ನೀನು. ಇಬ್ಬರ ಖರ್ಚನ್ನು ಯಾರಾದರೂ ಒಬ್ಬರ ಖಾತೆಗೆ ಮಾತ್ರ ಬರೆದರೆ ಆಫೀಸಿನಲ್ಲಿ ಸುಮ್ಮನೆ ಬಿಡುತ್ತೀಯಾ? ಮನೆಯಲ್ಲಿ ಮಾತ್ರ ಯಾಕೆ ಬಿಟ್ಟೆ? ಮಗು ಇಬ್ಬರದು. ಬಾಡಿಗೆ, ಗಾಡಿ ಕಂತು ಕಟ್ಟುವಾಗ ‘38ರಾಗ ಇಷ್ಟು ಹೋತು, ನೌಕರಿ ಬಿಡು’ ಅಂತ ನಿನ್ನ ಯಜಮಾನರಿಗೆ ಯಾರೂ ಹೇಳಿರಲಿಕ್ಕಿಲ್ಲ. ಮನೆಗೆ ಬರುವುದು 64,000. ಡೇಕೇರಿಗೆ ಕೊಟ್ಟ ಮೇಲೆ 56,500. ನೀನು ಕೆಲಸ ಬಿಟ್ಟರೆ 38,000. ಆಟೋ, ಡೈಪರ್ ಎಲ್ಲ ಕಳೆದರೂ ನಡುವಿನ ಅಂತರ ಸಣ್ಣದಲ್ಲ.

ಕೈಗೆ ಬರುವ ಸಂಬಳದಲ್ಲಿ ಕಾಣದ ಎರಡು ಬಾಬತ್ತುಗಳಿವೆ. ಬೇಸಿಕ್ 13,000ಕ್ಕೆ ಶೇ 12ರಂತೆ ನಿನ್ನ ಪಿಎಫ್ 1,560, ಕಂಪನಿಯದು ಇನ್ನೊಂದು 1,560. ಕೆಲಸ ಬಿಟ್ಟ ದಿನ ಅದು ನಿಲ್ಲುತ್ತದೆ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು, ಅದರ ಎಣಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ಲೆಕ್ಕ ಹಾಕಿ ಕಂಪನಿ ಒಮ್ಮೆಗೇ ಕೊಡುವ ಹಣ. ನಿನ್ನಂಥ ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು, ನಿನ್ನದು ನಾಲ್ಕನೆಯದು. ಲೆಕ್ಕ ಹೀಗೆ: ಬೇಸಿಕ್ 13,000ವನ್ನು ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 500, ವರ್ಷಕ್ಕೆ 15 ದಿನದಂತೆ 7,500. ಐದು ವರ್ಷಕ್ಕೆ 37,500. ಈಗ ಬಿಟ್ಟರೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹೊರಟಾಗ ಇದೇ ಸಂಬಳಕ್ಕೆ ಕರೆಯುವವರು ಸಿಗುತ್ತಾರೋ ಇಲ್ಲವೋ, ಅದನ್ನು ನಿನ್ನ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಇನ್ನು 7,500 ಜಾಸ್ತಿಯೇ ಅಂತ ಕೇಳಿದ್ದೀ. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಇದ್ದವಳು. ಡೇಕೇರ್ ತೆಗೆಯುತ್ತೇವೆ ಅಂತ ಸಾಲಕ್ಕೆ ಬಂದ ಹೆಣ್ಣುಮಕ್ಕಳ ಪ್ರಾಜೆಕ್ಟ್ ರಿಪೋರ್ಟುಗಳನ್ನು ಓದಿದ್ದೇನೆ, ಹಾಗಾಗಿ ಅವರ ಕಡೆಯ ಲೆಕ್ಕವನ್ನೂ ಹೇಳಬಲ್ಲೆ. ಅಂದಾಜಿಗೆ ಹಿಡಿ. ಕೆಳಗಿನ ಅಂತಸ್ತಿನ ಮನೆ, ಸ್ವಲ್ಪ ಅಂಗಳ, ಬಾಡಿಗೆ 20,000. ಮೂವರು ಆಯಾಗಳಿಗೆ ತಲಾ 12,000, ಒಟ್ಟು 36,000. ಮೇಲ್ವಿಚಾರಣೆಯ ಟೀಚರಿಗೆ 16,000. ಹಾಲು, ಅಕ್ಕಿ, ಬೇಳೆ, ಹಣ್ಣಿಗೆ 15,000. ಕರೆಂಟು, ನೀರು, ಗ್ಯಾಸು, ಫಿನಾಯಿಲು ಸೇರಿ 8,000. ನಡೆಸುವಾಕೆ ಬೆಳಗ್ಗೆಯಿಂದ ಕತ್ತಲಾಗುವ ತನಕ ನಿಂತಿರುತ್ತಾಳೆ, ಅವಳಿಗೂ 25,000 ಬೇಡವೇ? ಒಟ್ಟು 1,20,000. ಇಪ್ಪತ್ತು ಮಕ್ಕಳಿದ್ದರೆ ತಲೆಗೆ 6,000. ಆದರೆ ಯಾವ ತಿಂಗಳೂ ಇಪ್ಪತ್ತು ತುಂಬುವುದಿಲ್ಲ. ಹದಿನಾರು ಅಂತ ಹಿಡಿದರೆ ತಲೆಗೆ 7,500. ನಿನಗೆ ಹೇಳಿದ ದರ ಆಕಾಶದಿಂದ ಇಳಿದದ್ದಲ್ಲ.

ಈ ಲೆಕ್ಕದಲ್ಲಿ ದೊಡ್ಡ ಪಾಲು ಕೈಗಳದು. ನಡೆಯಲು ಕಲಿತು, ಇನ್ನೂ ಬಾಯಿ ಬರದ ಮಕ್ಕಳನ್ನು ಒಬ್ಬಾಕೆ ಎಷ್ಟು ಅಂತ ನೋಡಿಕೊಳ್ಳಬಲ್ಲಳು? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಕನಿಷ್ಠ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ತರಬೇತಾದ ಕಾರ್ಯಕರ್ತೆ, ಜೊತೆಗೆ ಒಬ್ಬ ಸಹಾಯಕಿ ಅಂತಿದೆ. ನನ್ನನ್ನು ಕೇಳಿದರೆ ಹತ್ತು ಅನ್ನುವುದೇ ಹೆಚ್ಚು. ಈಗ 3,500ದ ಕಡೆ ಬಾ. ಇಂಥದ್ದೇ ಬಾಡಿಗೆ ಮನೆ, ಇಷ್ಟೇ ಖರ್ಚು ಅಂತ ಹಿಡಿದರೂ ಆ ದರದಲ್ಲಿ ನಡೆಸಲು 34-35 ಮಕ್ಕಳು ಬೇಕು. ಆಯಾಗಳು ಮಾತ್ರ ಅದೇ ಮೂವರು, ಅಥವಾ ಇಬ್ಬರು. ಉಳಿತಾಯ ಆಗುವುದು ಆಯಾಳ ಸಂಬಳದಲ್ಲಿ, ಇಲ್ಲವೇ ಮಗುವಿನ ತಟ್ಟೆಯಲ್ಲಿ.

ಹಾಗಂತ 3,500 ಅಂದ ಕೂಡಲೇ ಮೂಗು ಮುರಿಯಬೇಡ. ಸ್ವಂತ ಮನೆಯಲ್ಲಿ ನಾಲ್ಕೈದೇ ಮಕ್ಕಳನ್ನು ಇಟ್ಟುಕೊಂಡ ಹೆಂಗಸಾಗಿದ್ದರೆ ಬಾಡಿಗೆಯೂ ಇಲ್ಲ, ಟೀಚರೂ ಇಲ್ಲ. ಆ ದರ ನ್ಯಾಯವೇ. ನಮ್ಮ ಓಣಿಗಳಲ್ಲಿ ಇಂಥ ಮನೆಗಳಲ್ಲಿ ಚೆನ್ನಾಗಿ ಬೆಳೆದ ಮಕ್ಕಳು ಬೇಕಾದಷ್ಟು. ಅಂಥವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ‘ನಿಮಗ ಆರಾಮ ಇರಲಿಲ್ಲಂದ್ರ, ಮದುವಿಗೆ ಹೋಗಬೇಕಾತಂದ್ರ, ಆವತ್ತು ಮಕ್ಕಳನ್ನ ಯಾರು ನೋಡ್ತಾರ್ರೀ?’ ಉತ್ತರವಿಲ್ಲದಿದ್ದರೆ ಆವತ್ತಿನ ರಜೆ ನಿಮ್ಮಿಬ್ಬರಲ್ಲಿ ಒಬ್ಬರದು.

ಎರಡೂ ಕಡೆ ಮಧ್ಯಾಹ್ನ ಹನ್ನೆರಡೂವರೆಗೆ, ಹೇಳದೆ ಹೋಗು. ಬೆಳಗ್ಗೆ ಹತ್ತಕ್ಕೆ ಹೋದರೆ ಗೋಡೆಯ ಮೇಲಿನ ಮೊಲ, ಆನೆ ಕಾಣುತ್ತವೆ, ಅಷ್ಟೇ. ಊಟದ ಹೊತ್ತಿಗೇ ನಿಜ ಗೊತ್ತಾಗುವುದು. ಸಾಲ ಕೊಡುವ ಮುಂಚೆ ಸ್ಥಳ ಪರಿಶೀಲನೆಗೆ ಧಾರವಾಡದ ಒಂದು ಮನೆಗೆ ಹೋದಾಗ ಅಡುಗೆ ಮನೆಯ ಬಾಗಿಲ ಪಕ್ಕ ಒಂದು ಪಾಟಿ ನೇತು ಹಾಕಿದ್ದರು. ಒಂದೊಂದು ಮಗುವಿನ ಹೆಸರು, ಎದುರಿಗೆ ಹಾಲು, ಊಟ, ನಿದ್ದೆ, ಸಂಡಾಸ ಅಂತ ನಾಲ್ಕು ಗೆರೆ. ಆಯಾ ಮಡಿಲಲ್ಲಿ ಒಂದು ಕೂಸನ್ನು ಇಟ್ಟುಕೊಂಡೇ ಎದ್ದು ಬಂದು, ಒಂದು ಹೆಸರಿನ ಮುಂದೆ ‘ಅರ್ಧ’ ಅಂತ ಬರೆದು, ‘ಹಲ್ಲು ಬರಾಕತ್ತಾವ್ರೀ, ಖಾರ ತಡಿಯೂದಿಲ್ಲ, ಸಂಜಿಗೆ ಅವರವ್ವಗ ಹೇಳಬೇಕು’ ಅಂದಳು. ಒಂದು ಮಗು ಅರ್ಧ ಉಂಡಿದೆ ಅನ್ನುವುದನ್ನು ಗಮನಿಸುವಷ್ಟು ಪುರುಸೊತ್ತು ಆಯಾಳಿಗೆ ಇದೆ ಅಂದರೆ ಅಲ್ಲಿ ಮಕ್ಕಳು ಮಿತಿಯಲ್ಲಿವೆ ಅಂತಲೇ ತಿಳಿ. ಒಂದೇ ತಟ್ಟೆಯಲ್ಲಿ ಅನ್ನ ಸಾರು ಕಲಸಿ, ಒಂದೇ ಚಮಚೆಯಿಂದ ಸಾಲಾಗಿ ಬಾಯಿಗೆ ಹಾಕುತ್ತ ಹೋಗುವುದು ಕಂಡರೆ ಅಲ್ಲಿಂದಲೇ ತಿರುಗಿ ಬಾ. ಟಿವಿ ಮುಂದೆ ಎಲ್ಲ ಮಕ್ಕಳೂ ಸದ್ದಿಲ್ಲದೆ ಕೂತಿದ್ದರೆ ‘ಎಷ್ಟು ಶಾಣ್ಯಾ ಮಕ್ಕಳು’ ಅನ್ನಬೇಡ.

ಫಲಕದ ಮೇಲಿನ ದರದ ಆಚೆಗೆ ಏನೇನು ಬೀಳುತ್ತದೆ ಅಂತ ಬರಹದಲ್ಲೇ ಕೇಳಿಕೋ. ಪ್ರವೇಶ ಶುಲ್ಕ, ಠೇವಣಿ, ಮಗು ಬಾರದ ದಿನಗಳ ಶುಲ್ಕ, ಹಬ್ಬದ ರಜೆಗಳ ಪಟ್ಟಿ. ತಡವಾದರೆ ದಂಡ ಎಷ್ಟು ಅನ್ನುವುದು ನಿನಗೆ ಬಹಳ ಮುಖ್ಯ: ಆರಕ್ಕೆ ಆಫೀಸು ಬಿಟ್ಟು ಹೊಸೂರು ಸರ್ಕಲ್ಲಿನ ಸಂಜೆಯ ಗದ್ದಲ ದಾಟಿ ಆರೂವರೆಗೆ ವಿದ್ಯಾನಗರ ಮುಟ್ಟುವುದು ದಿನಾಲೂ ಆಗುವ ಮಾತಲ್ಲ. ಏಪ್ರಿಲ್-ಮೇನಲ್ಲಿ ಶಾಲೆಯ ದೊಡ್ಡ ಮಕ್ಕಳನ್ನು ಬೇಸಿಗೆ ಶಿಬಿರ ಅಂತ ಅದೇ ಕೋಣೆಗಳಲ್ಲಿ ತುಂಬುತ್ತಾರಾ ಅಂತಲೂ ಕೇಳು. ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಅವರೂ ಹೇಳುವುದಿಲ್ಲ. ವರ್ಷದ ಹಣ ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಅಂದರೆ ಬೇಡ ಅನ್ನು. ಮಗು ಅಲ್ಲಿ ಹೊಂದಿಕೊಳ್ಳದಿದ್ದರೆ ಆ ಹಣ ವಾಪಸು ತರುವುದು ನಿನ್ನಿಂದಾಗದು. ಜ್ವರ ಬಂದ ಮಗುವನ್ನು ಒಳಗೆ ಬಿಡುವುದಿಲ್ಲ ಅನ್ನುವ ಜಾಗ ಒಳ್ಳೆಯದು, ಬೇಜಾರಾಗಬೇಡ. ಮೊದಲ ಕೆಲವು ತಿಂಗಳು ನೆಗಡಿ, ಕೆಮ್ಮು ಬಿಡದೆ ಬರುತ್ತವೆ, ಅದಕ್ಕೆ ರಜೆ ಉಳಿಸಿಕೊಂಡಿರಬೇಕು. ನಿನ್ನ ರಜೆ ಮಾತ್ರ ಅಲ್ಲ, ನಿನ್ನ ಯಜಮಾನರದ್ದೂ.

ಕಂಪನಿಯ ಮಾತು. ನಿಮ್ಮ ಎಚ್‌ಆರ್‌ನವರ ತಲೆಯಲ್ಲಿ ಇರುವುದು ಬಹುಶಃ 1948ರ ಕಾರ್ಖಾನೆ ಕಾಯ್ದೆ. ಅದರಲ್ಲಿ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಅಂತ ಇತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಲೆಕ್ಕವೇ ಬದಲಾಯಿತು. 50 ಅಥವಾ ಹೆಚ್ಚು ನೌಕರರು, ಗಂಡಸರು ಹೆಂಗಸರು ಎಲ್ಲ ಸೇರಿ, ಇರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ 50ರ ಲೆಕ್ಕ. ನೀವು 80 ಜನ ಇದ್ದೀರಿ, ಮುಗಿಯಿತು. ಒಬ್ಬಳೇ ಹೋಗಿ ಜಗಳ ತೆಗೆಯಬೇಡ. ಸಣ್ಣ ಮಕ್ಕಳಿರುವ ಗಂಡಸರನ್ನೂ ಸೇರಿಸಿಕೊಂಡು, ‘ಕಂಪನಿ ಒಳಗೆ ತೊಟ್ಟಿಲು ಕಟ್ಟಿ ಅನ್ನುವುದಿಲ್ಲ, ಹತ್ತಿರದ ಒಂದು ಡೇಕೇರಿನ ಜೊತೆ ಒಪ್ಪಂದ ಮಾಡಿಕೊಂಡು ಖರ್ಚು ಹೊರಿ’ ಅಂತ ಒಂದು ಪತ್ರ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಪ್ರತಿ ಹಿಡಿದು ಕಾರ್ಮಿಕ ಇಲಾಖೆಗೆ.

ತೆರಿಗೆಯ ಚಿಂತೆ ಬಿಡು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಪ್ಲೇ ಸ್ಕೂಲು, ನರ್ಸರಿಯ ಬೋಧನಾ ಶುಲ್ಕಕ್ಕೆ ವಿನಾಯಿತಿ ಉಂಟು, ಬರೀ ನೋಡಿಕೊಳ್ಳುವ ಶುಲ್ಕಕ್ಕಿಲ್ಲ. ಹೇಗೂ ನಿಮ್ಮಿಬ್ಬರ ಈ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬೀಳುವುದಿಲ್ಲ.

ಅತ್ತೆಯವರು ಊರಿಗೆ ಹೋಗುವ ಮುಂಚೆಯೇ ಮಗನನ್ನು ಸೇರಿಸು. ಮೊದಲು ಒಂದು ತಾಸು, ಆಮೇಲೆ ಅರ್ಧ ದಿನ, ಅತ್ತೆಯವರೇ ಕರೆದುಕೊಂಡು ಹೋಗಿ ಬರಲಿ. ಅವರು ಒಮ್ಮೆ ಆ ಜಾಗ ಕಣ್ಣಾರೆ ನೋಡಿ ಒಪ್ಪಿದರೆ ಮನೆಯ ಅರ್ಧ ಮಾತು ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ನನ್ನ ಹೆಂಡತಿ ಸರಕಾರಿ ಆಸ್ಪತ್ರೆಯಲ್ಲಿ ಕಾಯಂ ನರ್ಸ್. ಎರಡು ವರ್ಷದ ಮಗಳನ್ನು ನೋಡಿಕೊಳ್ಳಲು ಮನೆಗೇ ಒಬ್ಬ ಹೆಂಗಸು ಬರುತ್ತಾರೆ, 9ರಿಂದ 6. 8,000 ಕೊಡುತ್ತೇವೆ. ಕೂಸು ಮಲಗಿದಾಗ ನಾಲ್ಕು ರೊಟ್ಟಿ ಬಡಿದು, ಭಾಂಡೆ ತಿಕ್ಕುತ್ತಾರೆ, ಅಷ್ಟೇ. ಈಗ 10,000 ಕೇಳುತ್ತಿದ್ದಾರೆ. ಡೇಕೇರೇ ಸಸ್ತಾ ಆಗುವುದಿಲ್ಲವೇ?
— ಓದುಗರು, ಗದಗ

ಉತ್ತರ: ನೀವು ‘ಅಷ್ಟೇ’ ಅಂದದ್ದರಲ್ಲೇ ಅವರು ಕೇಳಿದ ಹೆಚ್ಚುವರಿ 2,000 ಇದೆ. ದಿನಕ್ಕೆ ಒಂಬತ್ತು ತಾಸು, ತಿಂಗಳಿಗೆ 26 ದಿನ ಅಂದರೆ 234 ತಾಸು. 8,000ವನ್ನು ಅದರಿಂದ ಭಾಗಿಸಿ: ತಾಸಿಗೆ 34 ರೂಪಾಯಿ. 10,000 ಕೊಟ್ಟರೆ 43ರ ಹತ್ತಿರ. ರೊಟ್ಟಿ ಬಡಿಯುವವರಿಗೆ, ಭಾಂಡೆಯವರಿಗೆ ಬೇರೆ ಬೇರೆ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಅಂತ ಒಮ್ಮೆ ನಿಮ್ಮ ಓಣಿಯಲ್ಲೇ ವಿಚಾರಿಸಿ ಬನ್ನಿ. ಡೇಕೇರಿನಲ್ಲಿ ಒಂದು ಆಯಾಳ ಸಂಬಳವನ್ನು ಆರೇಳು ಮನೆಯವರು ಹಂಚಿಕೊಳ್ಳುತ್ತಾರೆ, ಅದಕ್ಕೆ ಅದು ಸಸ್ತಾ. ನಿಮ್ಮ ಮಗಳಿಗೆ ಇಡೀ ಒಬ್ಬರು ಇದ್ದಾರೆ. 10,000 ಕೊಡಿ, ವಾರಕ್ಕೊಂದು ರಜೆ ಕೊಡಿ, ಒಂದನೇ ತಾರೀಖಿಗೆ ಕೊಡಿ. ಆಗದಿದ್ದರೆ ರೊಟ್ಟಿ, ಭಾಂಡೆ ನೀವು ವಹಿಸಿಕೊಂಡು ಕೂಸಿನ ಕೆಲಸ ಮಾತ್ರ ಅವರಿಗೆ ಬಿಡಿ. ಇನ್ನೊಂದು: ರಾಜ್ಯ ಸರಕಾರದ ಮಹಿಳಾ ನೌಕರರಿಗೆ 2021ರಿಂದ ಸೇವಾವಧಿಯಲ್ಲಿ ಒಟ್ಟು 180 ದಿನ ಶಿಶುಪಾಲನಾ ರಜೆ ಇದೆ. ಕೂಸಿಗೆ ಆರಾಮಿಲ್ಲದಾಗ ಅಥವಾ ಆ ಹೆಂಗಸು ಊರಿಗೆ ಹೋದಾಗ ನಿಮ್ಮ ಮನೆಯವರಿಗೆ ಉಪಯೋಗಕ್ಕೆ ಬಂದೀತು.

ಪ್ರಶ್ನೆ: ನಾವು ಬ್ಯಾಡಗಿ ಬಾಜೂ ಹಳ್ಳಿಯವರು. ಸೀಸನ್ನಿನಲ್ಲಿ ನಮ್ಮಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ, ಉಳಿದಾಗ ನರೇಗಾ ಕೆಲಸ. ಎರಡು ವರ್ಷದ ಕೂಸು. ಅಂಗನವಾಡಿಯಲ್ಲಿ ‘ಮೂರು ತುಂಬಲಿ’ ಅಂತಾರೆ. ನಮಗೆಲ್ಲಿಯ ಡೇಕೇರು?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅಂಗನವಾಡಿಯವರು ಹೇಳಿದ್ದು ಸರಿ, ಕೂರಿಸಿ ಕಲಿಸುವುದು 3ರಿಂದ 6 ವರ್ಷದವರಿಗೆ, ಅದಕ್ಕಿಂತ ಸಣ್ಣವರಿಗೆ ಪೌಷ್ಟಿಕ ಆಹಾರವನ್ನು ಮನೆಗೆ ಕೊಡುತ್ತಾರೆ. ನೀವು ಕೇಳಬೇಕಾದದ್ದು ‘ಕೂಸಿನ ಮನೆ’. 2023-24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಹೇಳಿದ ಯೋಜನೆ, ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಕೂಸುಗಳಿಗೆ. ಎಲ್ಲ ಊರಲ್ಲೂ ಇಲ್ಲ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ತೊಟ್ಟು ಬಿಡಿಸುವ ದಿನಗಳಲ್ಲೂ ಕೂಸನ್ನು ಬಿಡಬಹುದೇ ಅಂತ ಪಿಡಿಒ ಅವರನ್ನು ಈಗಲೇ ಕೇಳಿ. ಸೀಸನ್ ಶುರುವಾದ ಮೇಲೆ ಅಕ್ಕನಿಗೆ ಪಂಚಾಯಿತಿಗೆ ಅಲೆಯಲು ಪುರುಸೊತ್ತು ಸಿಗದು. ಜಾಬ್ ಕಾರ್ಡು, ಕೂಸಿನ ತಾಯಿ ಕಾರ್ಡು ಜೊತೆಗಿರಲಿ. ಇಲ್ಲದಿದ್ದರೆ ತೊಟ್ಟು ಬಿಡಿಸುವ ನಾಲ್ಕೈದು ಹೆಣ್ಣುಮಕ್ಕಳು ಸೇರಿ, ಊರಲ್ಲೇ ಇರುವ ಒಬ್ಬರಿಗೆ ದಿನಗೂಲಿ ಹಂಚಿಕೊಟ್ಟು ಎಲ್ಲ ಕೂಸುಗಳನ್ನೂ ಒಂದೇ ಮನೆಯಲ್ಲಿ ಬಿಡಿ. ಮೆಣಸಿನಕಾಯಿ ರಾಶಿಯ ಹತ್ತಿರ ಕೌದಿ ಹಾಸಿ ಮಲಗಿಸುವುದು ಮಾತ್ರ ಬೇಡ, ಆ ಘಾಟು ದೊಡ್ಡವರಿಗೇ ತಡೆಯುವುದಿಲ್ಲ.