ಪ್ರತಿಕ್ರಿಯೆ: ಅಸ್ಮತ್ ಕುಣಿತದ ಉಡುಪಿನ ಎಳೆಗಳು ಉದುರುತ್ತಿವೆ, ತೊಳೆಯಬಹುದೇ?

ಎಳೆ ಉದುರಲು ಕಾರಣ ಕೊಳೆಯಲ್ಲ, ಬಹುತೇಕ ನೀವು ಉಡುಪನ್ನು ನೇತುಹಾಕಿರುವ ಮೊಳೆ. ನ್ಯೂಗಿನಿ ದ್ವೀಪದ ಅಸ್ಮತ್ ಜನರು ‘ಜಿಪೇ’ ಎನ್ನುವ ಈ ಕುಣಿತದ ಉಡುಪಿನ, ತಲೆಯನ್ನೂ ಮುಚ್ಚುವ ಮೇಲ್ಭಾಗ ನಾರಿನ ಹುರಿಯ ಹೆಣಿಗೆ, ಕೆಳಗೆ ಸಾಗೋ ತಾಳೆ ಎಲೆಯ ಜಾಲರಿ. ಮೈಮೇಲೆ ಧರಿಸಲೆಂದೇ ಮಾಡಿದ್ದು. ಮೊಳೆಗೆ ತೂಗಿದರೆ ಭಾರವೆಲ್ಲ ನೆತ್ತಿಯ ಗಂಟುಗಳ ಮೇಲೆ ಬೀಳುತ್ತದೆ.

ದಯವಿಟ್ಟು ನೀರು ಮುಟ್ಟಿಸಬೇಡಿ. ಅದರ ಮೇಲಿನ ಬಣ್ಣಗಳಲ್ಲಿ ಬಿಳಿ ಎಂದರೆ ಚಿಪ್ಪಿನ ಸುಣ್ಣ, ಕೆಂಪು ಕಾವಿಮಣ್ಣು, ಕಪ್ಪು ಇದ್ದಿಲು. ಒದ್ದೆ ಬಟ್ಟೆ ತಗುಲಿದರೂ ಎದ್ದು ಬರುತ್ತವೆ. ಮೊದಲು ಕೆಳಗಿಳಿಸಿ ಹತ್ತಿಬಟ್ಟೆಯ ಮೇಲೆ ಮಲಗಿಸಿ. ಉದುರಿದ್ದನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ: ಉದ್ದನೆಯ ಚೂರುಗಳಾದರೆ ಎಲೆ ಒಣಗಿದೆ, ಸಣ್ಣ ರವೆಯಂತಿದ್ದರೆ ಹುಳು ಹಿಡಿದಿರಬಹುದು. ನಿಮ್ಮ ವಿವರಣೆಯಿಂದಷ್ಟೇ ನಾನು ಖಚಿತವಾಗಿ ಹೇಳಲಾರೆ. ಹುಳುವೆನಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ತೋರಿಸಿ, ಕೀಟನಾಶಕ ಸಿಂಪಡಿಸಬೇಡಿ. ಇಲ್ಲವಾದರೆ ಮೆತ್ತನೆಯ ಕುಂಚದಿಂದ ಧೂಳು ತೆಗೆದು, ತಲೆ ಮತ್ತು ಭುಜವಿರುವ ಬಟ್ಟೆಯ ಬೊಂಬೆಗೆ ತೊಡಿಸಿ ಬಿಸಿಲು ಬೀಳದ ಕಡೆ ನಿಲ್ಲಿಸಿ.

ದೆವ್ವದ ವೇಷವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನ್ಯೂಗಿನಿಯ ನೈರುತ್ಯ ಕರಾವಳಿಯ ಅಸ್ಮತ್ ಹಳ್ಳಿಗಳಲ್ಲಿ ಇಂಥ ಉಡುಪು ಇತ್ತೀಚೆಗೆ ತೀರಿಕೊಂಡ ಒಬ್ಬರನ್ನು ಪ್ರತಿನಿಧಿಸುತ್ತದೆ. ತೊಟ್ಟವನು ಕಾಡಿನಿಂದ ಊರೊಳಗೆ ಬಂದು ರಾತ್ರಿಯಿಡೀ ಕುಣಿಯುತ್ತಾನೆ. ಬಳಿಕ ಆ ಜೀವ ಹಿರಿಯರ ಲೋಕವಾದ ಸಫಾನ್‌ಗೆ ಹೊರಡುತ್ತದೆ. ಆದ್ದರಿಂದ ಬೊಂಬೆಯ ಕೆಳಗಿನ ಚೀಟಿಯಲ್ಲಿ ‘ದೆವ್ವ’ ಎಂಬುದನ್ನು ಹೊಡೆದುಹಾಕಿ, ‘ಅಗಲಿದವರನ್ನು ಬೀಳ್ಕೊಡುವ ಉಡುಪು’ ಎಂದು ಬರೆಯಿರಿ.