ಕೂಲಿ ಏರಿದರೂ ಆಳು ಸಿಗದಿರುವುದೇಕೆ?

ಪ್ರಶ್ನೆ: ಕಬ್ಬು ಕಟಾವಿನ ಕೂಲಿ ಏರುತ್ತಲೇ ಇದೆ, ಆದರೂ ಆಳುಗಳು ಸಿಗುವುದಿಲ್ಲ. ಗ್ಯಾರಂಟಿ ಯೋಜನೆಗಳಿಂದ ಜನ ಸೋಮಾರಿಗಳಾಗಿದ್ದಾರೆ ಎಂಬ ಮಾತು ನಿಜವೇ?
– ರೈತರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಸೋಮಾರಿತನದ ಮಾತನ್ನು ನಾನು ಒಪ್ಪುವುದಿಲ್ಲ. ಕೂಲಿ ಏರಿದರೆ ದುಡಿಯಲು ಬರುವವರು ಹೆಚ್ಚುತ್ತಾರೆ ಎಂಬುದು ಉಳಿದದ್ದೆಲ್ಲ ಇದ್ದಂತೆಯೇ ಇದ್ದಾಗ ಮಾತ್ರ ನಿಜ. ದುಡಿಯುವವರು ನಿಮ್ಮ ಕೂಲಿಯನ್ನು ಹೋದ ವರ್ಷದ ಕೂಲಿಯ ಜೊತೆಗಲ್ಲ, ಈ ವರ್ಷ ತಮಗೆ ಸಿಗಬಹುದಾದ ಬೇರೆ ಕೆಲಸದ ಜೊತೆಗೆ, ಅದೂ ಹೋಗಿಬರುವ ಖರ್ಚು ಮತ್ತು ಮೈನೋವುಗಳನ್ನು ಕಳೆದು, ತೂಗಿ ನೋಡುತ್ತಾರೆ.

ಗ್ಯಾರಂಟಿಗಳೆಲ್ಲದರ ಪರಿಣಾಮ ಒಂದೇ ಬಗೆಯದಲ್ಲ. 2023ರ ಜೂನ್ 11ರಂದು ಆರಂಭವಾದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಹೆಂಗಸರಿಗೆ ಕೆಲಸಕ್ಕೆ ಹೋಗುವ ಖರ್ಚನ್ನೇ ತಗ್ಗಿಸಿತು. ಅದು ದುಡಿಮೆಗೆ ಅಡ್ಡಿಯಲ್ಲ, ಪ್ರೋತ್ಸಾಹ. ಆದರೆ ಬಸ್ ಚಾರ್ಜು ಉಳಿದ ಮೇಲೆ ನಿಮ್ಮ ಗದ್ದೆಯಷ್ಟೇ ಸುಲಭವಾಗಿ ಪಟ್ಟಣದ ಗಾರ್ಮೆಂಟ್ಸ್ ಕೂಡ ಕೈಗೆಟುಕುತ್ತದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯಿಂದ ಅತ್ಯಂತ ಕಷ್ಟದ ಕೆಲಸವನ್ನು ಬೇಡವೆನ್ನುವ ಶಕ್ತಿ ಕೆಲವರಿಗೆ ಬಂದಿರಬಹುದು. ಆದರೆ ಕೂಲಿಗೆ ಹೋದರೆ ಆ ಹಣವೇನೂ ಕಡಿತವಾಗುವುದಿಲ್ಲ. ದುಡಿದವರಿಗೆ ನಷ್ಟವಿಲ್ಲದ ನೆರವು ಜನರನ್ನು ಮನೆಯಲ್ಲಿ ಕೂರಿಸುತ್ತದೆ ಎನ್ನಲು ಆಧಾರ ಸಾಲದು.

ನಿಮ್ಮ ಸಂಕಟವೂ ಸಣ್ಣದಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ, ಸಕ್ಕರೆ ಅಂಶ ಎರಡೂ ಇಳಿಯುತ್ತವೆ, ಸುತ್ತಲಿನ ಗದ್ದೆಗಳೆಲ್ಲ ಒಟ್ಟಿಗೇ ಕಟಾವಿಗೆ ಬರುತ್ತವೆ. ಹೀಗಾಗಿ ಕೂಲಿ ಎಷ್ಟಾದರೂ ಆಳು ಬೇಕೇ ಬೇಕು. ಏರಿದ ಕೂಲಿಯನ್ನು ಕಬ್ಬಿನ ಬೆಲೆಗೆ ಸೇರಿಸುವ ಅಧಿಕಾರವೂ ನಿಮಗಿಲ್ಲ. ಕಟಾವು ಯಂತ್ರಕ್ಕೆ ಅಗಲ ಸಾಲುಗಳೂ ದೊಡ್ಡ ತಾಕುಗಳೂ ಬೇಕು; ಮಂಡ್ಯದ ತುಂಡು ಹಿಡುವಳಿಗಳಲ್ಲಿ ಅದು ಕಷ್ಟ. ಅಕ್ಕಪಕ್ಕದ ರೈತರು ಸೇರಿ ನಾಟಿಯ ದಿನಗಳನ್ನು ಹಿಂದುಮುಂದು ಮಾಡಿಕೊಂಡು, ಒಂದೇ ತಂಡಕ್ಕೆ ಸತತವಾಗಿ ಹಲವು ವಾರಗಳ ಕೆಲಸ ಒದಗಿಸಿದರೆ, ಬರಿಯ ಕೂಲಿ ಏರಿಕೆಗಿಂತ ಅದು ಹೆಚ್ಚು ಆಳುಗಳನ್ನು ಕರೆತಂದೀತು.

ಪ್ರಶ್ನೆ: ಪಿಎಫ್, ಇಎಸ್ಐಗೆ ಮಾಲೀಕರು ಕಟ್ಟುವ ಪಾಲು ಕೊನೆಗೆ ನಮ್ಮ ಸಂಬಳದಿಂದಲೇ ಹೋಗುತ್ತದೆಯೇ?
– ಕಾರ್ಖಾನೆ ನೌಕರರು, ಮೈಸೂರು

ಉತ್ತರ: ಕಾನೂನಿನ ಪ್ರಕಾರ ಹಾಗೆ ಕಡಿತ ಮಾಡುವಂತಿಲ್ಲ. ನೌಕರರ ವಿಮೆಯಾದ ಇಎಸ್ಐಗೆ 2019ರಿಂದ ಮಾಲೀಕರ ಪಾಲು ಸಂಬಳದ ಶೇ. 3.25, ನಿಮ್ಮದು ಶೇ. 0.75. ಆದರೆ ಮಾಲೀಕರು ಒಬ್ಬ ನೌಕರನಿಗೆ ತಗಲುವ ಒಟ್ಟು ವೆಚ್ಚವನ್ನು ನೋಡುವುದರಿಂದ, ಮುಂದಿನ ಸಂಬಳ ಏರಿಕೆ ನಿಧಾನವಾಗುವ ರೂಪದಲ್ಲಿ ಅದರ ಒಂದು ಭಾಗ ನಿಮ್ಮ ಮೇಲೆ ಬೀಳಬಹುದು. ಆದ್ದರಿಂದ ಆ ಸೌಲಭ್ಯವನ್ನು ಬಿಡದೆ ಬಳಸಿಕೊಳ್ಳಿ. ಪಿಎಫ್ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳ ಜಮೆಯನ್ನು ಪರಿಶೀಲಿಸಿ.